ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ: ಟ್ರೇಡ್ ಆರಿಸುವ ದಿನದಿಂದ ಅಪ್ರೆಂಟಿಸ್ ಮುಗಿಯುವವರೆಗೆ

ಪೀಣ್ಯದ ಒಂದು ಸಣ್ಣ ಟೂಲ್‌ರೂಮಿಗೆ (ಅಚ್ಚು, ಉಪಕರಣ ಮಾಡುವ ಶಾಪಿಗೆ) ಹುಡುಗರನ್ನು ಆರಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ತಲೆಗೆ ಬಿದ್ದಿದೆ. ಅಂಕಪಟ್ಟಿ ಕೇಳುವುದಕ್ಕೆ ಮುಂಚೆ ಮೇಜಿನ ಮೇಲೆ ಒಂದು ಸ್ಟೀಲ್ ಪಿನ್ನು, ಅದನ್ನು ಅಳೆಯಲು ಒಂದು ವರ್ನಿಯರ್ ಕ್ಯಾಲಿಪರ್ ಇಡುತ್ತೇನೆ. "ಎಷ್ಟಿದೆ ನೋಡಪ್ಪ" ಅಂದರೆ ಅರ್ಧಕ್ಕರ್ಧ ಹುಡುಗರು ಮೊದಲು ಕೇಳುವುದು, "ಡಿಜಿಟಲ್ ಇಲ್ವಾ ಸಾರ್?" ಇವರೆಲ್ಲ ಶೇಕಡ 80 ದಾಟಿದ ಫಿಟ್ಟರುಗಳು. ಅವರನ್ನು ಬೈದು ಪ್ರಯೋಜನವಿಲ್ಲ. ಎರಡು ವರ್ಷ ಅವರ ಕೈಗೆ ವರ್ನಿಯರ್ ಸರಿಯಾಗಿ ಸಿಕ್ಕೇ ಇರುವುದಿಲ್ಲ.

ಐಟಿಐ, ಅಂದರೆ ಕೈಗಾರಿಕಾ ತರಬೇತಿ ಸಂಸ್ಥೆಯ ಪಠ್ಯಕ್ರಮದಲ್ಲಿ ವರ್ಷಕ್ಕೆ 1200 ಗಂಟೆ ತರಬೇತಿ ಇದೆ. ಅದರಲ್ಲಿ 840 ಗಂಟೆ ಪ್ರಾಕ್ಟಿಕಲ್. ಇದನ್ನು ಬಿಟ್ಟು 150 ಗಂಟೆ ಕಾರ್ಖಾನೆಯಲ್ಲಿ ಕೆಲಸ ನೋಡಿ ಕಲಿಯುವುದೋ ಪ್ರಾಜೆಕ್ಟೋ ಇರುತ್ತದೆ. ಈ 840 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಟ್ರೇಡ್ (ಕಲಿಯುವ ಕಸುಬು) ಆರಿಸುವಾಗ, ಕಾಲೇಜು ನೋಡುವಾಗ, ರಜೆ ಹಾಕುವಾಗ, ಎಲ್ಲ ಕಡೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಗಂಟೆಗಳಲ್ಲಿ ಎಷ್ಟು ನಿಜವಾಗಿ ನನ್ನ ಕೈಗೆ ಬರುತ್ತವೆ?

ಹೆಜ್ಜೆ 1: ಐಟಿಐ ನಿಮಗೆ ಹೊಂದುತ್ತದೆಯೇ?

ಹತ್ತನೇ ತರಗತಿ ಮುಗಿಸಿ ಕಾರ್ಖಾನೆ ಕೆಲಸದ ಕಡೆ ಹೊರಟವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ಅಲ್ಲಿ ಥಿಯರಿ ಹೆಚ್ಚು, ಗಣಿತ ಬೇಕು. ಎರಡನೆಯದು ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನ ರಾಜಾಜಿನಗರದಲ್ಲಿ ಶುರುವಾದ ಈ ಸಂಸ್ಥೆಗೆ ಈಗ ಹಲವು ಜಿಲ್ಲೆಗಳಲ್ಲಿ ಕೇಂದ್ರಗಳಿವೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆ. ಮನೆಯಲ್ಲಿ ನಾಲ್ಕು ವರ್ಷ ಕಾಯುವ ಶಕ್ತಿ ಇದ್ದರೆ, ಮಕ್ಕಳಿಗೆ ಕೈಕೆಲಸದ ಹುಚ್ಚಿದ್ದರೆ, ನನ್ನನ್ನು ಕೇಳಿದರೆ ಇದಕ್ಕೇ ಮೊದಲು ಅರ್ಜಿ ಹಾಕಿ ಅನ್ನುತ್ತೇನೆ. ಟೂಲ್‌ರೂಮಿನ ಶಿಸ್ತು ಬೇರೆಯೇ. ಬಿಡದಿಯ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆಯೂ 2007ರಿಂದ ಗ್ರಾಮೀಣ ಬಡ ಮಕ್ಕಳಿಗೆ ಮೂರು ವರ್ಷದ ತರಬೇತಿ ಕೊಡುತ್ತಿದೆ. ಸೀಟು ಕಡಿಮೆ, ಪೈಪೋಟಿ ಜಾಸ್ತಿ.

ಮೂರನೆಯದು ಐಟಿಐ. ಒಂದೋ ಎರಡೋ ವರ್ಷ, ಸರ್ಕಾರಿ ಸಂಸ್ಥೆಯಾದರೆ ಶುಲ್ಕ ಬಹಳ ಕಡಿಮೆ, ಮುಗಿದ ಕೂಡಲೇ ಅಪ್ರೆಂಟಿಸ್ (ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾ ಕಲಿಯುವವನು) ಆಗಿ ಕೈಗೆ ಸ್ವಲ್ಪ ಕಾಸು. ಇನ್ನೊಂದು ಅನುಕೂಲವೂ ಇದೆ: ಎರಡು ವರ್ಷದ ಐಟಿಐ ಮಾಡಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. "ಓದಿನಲ್ಲಿ ಹಿಂದೆ, ಅದಕ್ಕೆ ಐಟಿಐಗೆ ಹಾಕಿದ್ವಿ" ಅನ್ನುವ ತಂದೆತಾಯಿ ಇನ್ನೂ ಇದ್ದಾರೆ. ಆ ಮಾತನ್ನು ಮಗನ ಮುಂದೆ ಆಡಬೇಡಿ, ಅಷ್ಟು ಸಾಕು.

ಹೆಜ್ಜೆ 2: ಟ್ರೇಡ್ ಆರಿಸುವುದು

ಇಲ್ಲಿ ಅವಸರ ಮಾಡಬೇಡಿ. ಗೆಳೆಯ ಸೇರಿದ ಅಂತ ಎಲೆಕ್ಟ್ರಿಷಿಯನ್ ಸೇರಿ, ಆಮೇಲೆ ಕರೆಂಟು ಮುಟ್ಟಲು ಹೆದರುವ ಹುಡುಗನನ್ನು ನಾನು ನೋಡಿದ್ದೇನೆ.

ಫಿಟ್ಟರ್ ಎರಡು ವರ್ಷದ ಟ್ರೇಡು. ಅರ ಹಾಕುವುದು, ಗುರುತು ಹಾಕುವುದು, ಡ್ರಿಲ್ಲಿಂಗ್, ಟ್ಯಾಪಿಂಗ್ (ರಂಧ್ರದೊಳಗೆ ಥ್ರೆಡ್ ಕೊರೆಯುವುದು), ಒಂದಕ್ಕೊಂದು ಕೂರಿಸುವುದು, ಸ್ವಲ್ಪ ವೆಲ್ಡಿಂಗು, ಸ್ವಲ್ಪ ಲೇತು, ಪೈಪು, ಹೈಡ್ರಾಲಿಕ್ಸು. ಎಲ್ಲದರ ರುಚಿ ಸಿಗುವುದರಿಂದ ಮುಂದೆ ಅಸೆಂಬ್ಲಿ, ಮೇಂಟೆನೆನ್ಸ್, ಟೂಲ್‌ರೂಮ್ ಯಾವ ಕಡೆಗೂ ತಿರುಗಬಹುದು. ಏನು ಬೇಕು ಅಂತ ಖಚಿತವಾಗಿ ಗೊತ್ತಿಲ್ಲದವರಿಗೆ ಇದು ಸುರಕ್ಷಿತ ಆಯ್ಕೆ.

ಟರ್ನರ್ ಮತ್ತು ಮಶಿನಿಸ್ಟ್ ಕೂಡ ಎರಡೆರಡು ವರ್ಷ. ಟರ್ನರ್ ಅಂದರೆ ಲೇತು, ಅಲ್ಲಿ ಜಾಬ್, ಅಂದರೆ ನಾವು ಕೆತ್ತುತ್ತಿರುವ ಲೋಹದ ತುಂಡು, ತಿರುಗುತ್ತದೆ. ಮಶಿನಿಸ್ಟ್ ಅಂದರೆ ಮುಖ್ಯವಾಗಿ ಮಿಲ್ಲಿಂಗು, ಅಲ್ಲಿ ಕಟರ್ ತಿರುಗುತ್ತದೆ. ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಮಿನಿಂದ ಓಡುವ ಮಶೀನು) ಕಡೆ ಹೋಗಬೇಕು ಅನ್ನುವವರಿಗೆ ಇವೆರಡೂ ನೇರ ದಾರಿ. ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿ, ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರ, ಜಿಗಣಿ, ಎಲ್ಲಿ ಹೋದರೂ ಮಶೀನಿಂಗ್ ಶಾಪುಗಳಿವೆ. ನಿಮ್ಮ ಊರಿಗೆ ಹತ್ತಿರದ ಕೈಗಾರಿಕಾ ಪ್ರದೇಶದಲ್ಲಿ ಅರ್ಧ ದಿನ ಸುತ್ತಿ, ಗೇಟಿನ ಮೇಲೆ "ಬೇಕಾಗಿದ್ದಾರೆ" ಎಂದು ಏನೇನು ಬರೆದು ಅಂಟಿಸಿದ್ದಾರೆ ಓದಿಕೊಂಡು ಬನ್ನಿ. ಯಾವ ಕೌನ್ಸೆಲಿಂಗಿಗಿಂತ ಇದು ಮೇಲು.

ವೆಲ್ಡರ್ ಒಂದೇ ವರ್ಷ, ಎಂಟನೇ ತರಗತಿ ಪಾಸಾದವರೂ ಸೇರಬಹುದು. ಬೇಗ ದುಡಿಯಲೇಬೇಕಾದ ಮನೆಯವರಿಗೆ ಒಳ್ಳೆಯದು, ಆದರೆ ಕಣ್ಣು, ಶ್ವಾಸಕೋಶ ಎರಡನ್ನೂ ಕಾಪಾಡಿಕೊಳ್ಳುವ ಶಿಸ್ತು ಬೇಕು. ಎಲೆಕ್ಟ್ರಿಷಿಯನ್‌ಗೆ ಕಾರ್ಖಾನೆಯ ಹೊರಗೂ ಕೆಲಸವಿದೆ. ಊರಲ್ಲೇ ಇದ್ದು ಬದುಕಬೇಕು ಅನ್ನುವವರಿಗೆ ಅದು ಸರಿ. ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಟ್ರೇಡಿಗೆ ಹೆಣ್ಣುಮಕ್ಕಳು ಹೆಚ್ಚು ಬರುತ್ತಾರೆ, ಸಂತೋಷ. ಆದರೆ ಫಿಟ್ಟರೂ ಟರ್ನರೂ ಗಂಡಸರ ಟ್ರೇಡು ಅನ್ನುವುದು ಹಳೇ ಕಾಲದ ಮಾತು. ಮೈಕ್ರೋಮೀಟರ್ ಹಿಡಿಯಲು ತೋಳ್ಬಲ ಬೇಕಿಲ್ಲ.

ಫಿಟ್ಟರ್, ಟರ್ನರ್, ಮಶಿನಿಸ್ಟ್, ಎಲೆಕ್ಟ್ರಿಷಿಯನ್ ಎಲ್ಲಕ್ಕೂ ಗಣಿತ ಮತ್ತು ವಿಜ್ಞಾನ ಇರುವ ಹತ್ತನೇ ತರಗತಿ ಪಾಸಾಗಿರಬೇಕು. ವಯಸ್ಸು 14 ತುಂಬಿರಬೇಕು.

ಹೆಜ್ಜೆ 3: ಸಂಸ್ಥೆಯನ್ನು ಕಣ್ಣಾರೆ ನೋಡಿ

ಅರ್ಜಿ ತುಂಬುವ ಮೊದಲು ಮೂರು ನಾಲ್ಕು ಐಟಿಐಗಳಿಗೆ ಹೋಗಿ ಬನ್ನಿ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ, ತರಗತಿ ನಡೆಯುತ್ತಿರುವ ದಿನವೇ ಹೋಗಿ. ಪ್ರಿನ್ಸಿಪಾಲರ ಕೊಠಡಿಯಲ್ಲಿ ಚಹಾ ಕುಡಿದು ಬಂದರೆ ಏನೂ ತಿಳಿಯುವುದಿಲ್ಲ, "ಸಾರ್, ವರ್ಕ್‌ಶಾಪ್ ಒಂದು ಸಲ ನೋಡಬಹುದಾ" ಎಂದು ಕೇಳಿ.

ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಕೂಲೆಂಟಿನ, ಎಣ್ಣೆಯ ವಾಸನೆ ಬರಬೇಕು. ಲೇತಿನ ಕೆಳಗಿನ ಟ್ರೇನಲ್ಲಿ ಚಿಪ್ಸ್, ಅಂದರೆ ಕತ್ತರಿಸುವಾಗ ಬಿದ್ದ ಲೋಹದ ಚೂರು, ಇರಬೇಕು, ಅದೂ ಹೊಳೆಯುವ ಹೊಸ ಚಿಪ್ಸ್. ತುಕ್ಕು ಹಿಡಿದ ಚಿಪ್ಸ್ ಕಂಡರೆ ಆ ಮಶೀನು ಈಚೆಗೆ ಓಡಿಲ್ಲ ಅಂತ. ಬೆಂಚಿನ ಮೇಲಿನ ವೈಸುಗಳನ್ನು (ಜಾಬನ್ನು ಬಿಗಿದು ಹಿಡಿಯುವ ದವಡೆಗಳನ್ನು) ಎಣಿಸಿ. ಒಂದು ಘಟಕದಲ್ಲಿ 20 ಹುಡುಗರಿದ್ದು ಆರು ವೈಸ್ ಇದ್ದರೆ, ನಿಮ್ಮ 840 ಗಂಟೆಯಲ್ಲಿ ಹೆಚ್ಚಿನ ಪಾಲು ಪಕ್ಕದಲ್ಲಿ ನಿಂತು ನೋಡುವುದರಲ್ಲೇ ಕಳೆಯುತ್ತದೆ. ಅಳತೆ ಉಪಕರಣ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದಾರೋ, ಹುಡುಗರ ಕೈಯಲ್ಲಿದೆಯೋ ಗಮನಿಸಿ. ಬೀಗ ಹಾಕಿಡುವ ಕಾರಣ ನನಗೂ ಗೊತ್ತು, ಕಳೆದರೆ ಜೆಟಿಒ (ಕಿರಿಯ ತರಬೇತಿ ಅಧಿಕಾರಿ) ತಲೆ ಮೇಲೆ ಬರುತ್ತದೆ. ಆದರೂ ಅದರ ನಷ್ಟ ಕಲಿಯುವವನಿಗೆ.

ಎರಡನೇ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಪಕ್ಕಕ್ಕೆ ಕರೆದು ಕೇಳಿ: ಈ ವಾರ ಯಾವ ಜಾಬ್ ಮಾಡಿದಿರಿ? ಕಚ್ಚಾ ಮಾಲು ಸಂಸ್ಥೆ ಕೊಡುತ್ತದೋ ನೀವೇ ತರಬೇಕೋ? ನಿಮ್ಮ ಟ್ರೇಡಿನ ಮೇಷ್ಟ್ರು ಕಾಯಂ ಇದ್ದಾರಾ? ಈ ಮೂರಕ್ಕೆ ಅವನು ಥಟ್ಟನೆ ಉತ್ತರ ಹೇಳಿದರೆ ಒಳ್ಳೆಯ ಲಕ್ಷಣ. ತಡವರಿಸಿ ನಕ್ಕರೆ ಮುಂದಿನ ಐಟಿಐಗೆ ಹೊರಡಿ. ಹೆಣ್ಣುಮಕ್ಕಳಾದರೆ ಶೌಚಾಲಯ ತೆರೆದಿದೆಯಾ, ಸಂಜೆ ಬಸ್ಸು ಎಷ್ಟು ಹೊತ್ತಿಗೆ ಅನ್ನುವುದನ್ನೂ ಸಂಕೋಚವಿಲ್ಲದೆ ಕೇಳಿ. ಇವೆರಡೇ ಕಾರಣಕ್ಕೆ ಅರ್ಧದಲ್ಲಿ ಬಿಟ್ಟವರಿದ್ದಾರೆ.

ಖಾಸಗಿ ಐಟಿಐ ಆದರೆ, ನಿಮಗೆ ಬೇಕಾದ ಟ್ರೇಡಿಗೇ ರಾಷ್ಟ್ರೀಯ ಮಾನ್ಯತೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಸಂಸ್ಥೆಗೆ ಮಾನ್ಯತೆ ಇದ್ದು, ಈಚೆಗೆ ಶುರು ಮಾಡಿದ ಟ್ರೇಡಿಗೆ ಇಲ್ಲದಿರಬಹುದು. ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ, ಅಂದರೆ ಎನ್‌ಟಿಸಿ ಸಿಗುತ್ತದೋ, ರಾಜ್ಯ ಮಟ್ಟದ್ದು ಸಿಗುತ್ತದೋ ಬರವಣಿಗೆಯಲ್ಲೇ ತೋರಿಸಲು ಹೇಳಿ. ರೈಲ್ವೆ, ಸಾರ್ವಜನಿಕ ಉದ್ದಿಮೆಗಳಿಗೆ ಅರ್ಜಿ ಹಾಕುವಾಗ ಈ ವ್ಯತ್ಯಾಸ ಕುತ್ತಿಗೆಗೆ ಬರುತ್ತದೆ. "ಹಾಜರಾತಿ ನಾವು ನೋಡ್ಕೋತೀವಿ, ಪರೀಕ್ಷೆಗೆ ಬಂದ್ರೆ ಸಾಕು" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅವರು ನಿಮಗೆ ಸಹಾಯ ಮಾಡುತ್ತಿಲ್ಲ, ದುಡ್ಡು ತೆಗೆದುಕೊಂಡು 840 ಗಂಟೆಯನ್ನೂ ಇಟ್ಟುಕೊಳ್ಳುತ್ತಿದ್ದಾರೆ.

ಸರ್ಕಾರಿ ಐಟಿಐಗಳ ಬಗ್ಗೆ ಹಳೆಯ ಅಭಿಪ್ರಾಯ ಇಟ್ಟುಕೊಂಡವರು ಒಮ್ಮೆ ಹೋಗಿ ನೋಡಬೇಕು. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮೇಲ್ದರ್ಜೆಗೇರಿಸಿ, 2022ರ ಜೂನ್‌ನಲ್ಲಿ ಉದ್ಘಾಟನೆ ಮಾಡಿದರು. ಸಿಎನ್‌ಸಿ, ರೋಬೋಟು, ತ್ರೀಡಿ ಪ್ರಿಂಟರ್ ಮುಂತಾದವು ಬಂದಿವೆ. ಅವು ಓಡುತ್ತಿವೆಯೇ ಅನ್ನುವುದನ್ನು ಮಾತ್ರ ನೀವೇ ನೋಡಬೇಕು. ಮೇಲೆ ಹೇಳಿದ ಚಿಪ್ಸ್ ಪರೀಕ್ಷೆ ಅಲ್ಲಿಗೂ ಅನ್ವಯಿಸುತ್ತದೆ.

ಹೆಜ್ಜೆ 4: ಅರ್ಜಿ ಮತ್ತು ಕಾಗದಪತ್ರ

ಎಸ್ಸೆಸ್ಸೆಲ್ಸಿ ಫಲಿತಾಂಶದ ನಂತರ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ ಆನ್‌ಲೈನ್ ಅರ್ಜಿ ಕರೆಯುತ್ತದೆ. ಅಂಕ ಮತ್ತು ಮೀಸಲಾತಿ ಮೇಲೆ ಸೀಟು. ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಾದರೆ 371(ಜೆ) ಪ್ರಮಾಣಪತ್ರ. ನಾಡಕಚೇರಿಯ ಕೆಲಸವನ್ನು ಫಲಿತಾಂಶ ಬರುವ ಮುಂಚೆಯೇ ಮುಗಿಸಿಟ್ಟುಕೊಳ್ಳಿ, ಆಮೇಲೆ ಸಾಲು ಉದ್ದ. ಎಲ್ಲ ಕಾಗದದಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ ಇದ್ದರೆ ಮುಂದೆ ಅಪ್ರೆಂಟಿಸ್ ನೋಂದಣಿಯಲ್ಲಿ ತೊಂದರೆ ಕಾದಿದೆ. ವಿದ್ಯಾರ್ಥಿವೇತನಕ್ಕೆ ಬ್ಯಾಂಕ್ ಖಾತೆ ಆಧಾರಿಗೆ ಜೋಡಣೆ ಆಗಿರಬೇಕು.

ಹೆಜ್ಜೆ 5: ಮೊದಲ ಮೂರು ತಿಂಗಳು, ಅರ ಮತ್ತು ವೈಸ್

ಇಲ್ಲಿ ಬೇಜಾರಾಗಿ ಬಿಡುವವರೇ ಜಾಸ್ತಿ. ರೋಬೋಟು ನೋಡಿ ಸೇರಿದ ಹುಡುಗನ ಕೈಗೆ ಒಂದು ಕಬ್ಬಿಣದ ಪಟ್ಟಿ, ಒಂದು ಅರ ಕೊಟ್ಟು "ಸಮ ಮಾಡು" ಅಂದರೆ ಯಾರಿಗೆ ಖುಷಿ? ಆದರೆ ಮುಂದೆ ಕಲಿಯುವ ಎಲ್ಲದರ ಬುಡ ಇದೇ. ಲೋಹ ಎಷ್ಟು ಮೆತ್ತಗೆ, ಎಷ್ಟು ಗಟ್ಟಿ, ಒಂದು ಕೂದಲಷ್ಟು ತೆಗೆಯುವುದು ಎಂದರೇನು ಅನ್ನುವುದು ಅಂಗೈಗೆ ತಿಳಿಯುವುದು ಇಲ್ಲಿ ಮಾತ್ರ.

ವೈಸಿನ ದವಡೆ ನಿಮ್ಮ ಮೊಣಕೈ ಎತ್ತರಕ್ಕೆ ಇರಬೇಕು. ಎತ್ತರ ಸಾಲದಿದ್ದರೆ ಕಾಲ ಕೆಳಗೆ ಹಲಗೆ ಹಾಕಿಕೊಳ್ಳಿ, ನಾಚಿಕೆ ಬೇಡ. ಬಲಗೈಯವರು ಎಡಗಾಲು ಮುಂದಿಟ್ಟು ನಿಲ್ಲಿ. ಅರ ಕತ್ತರಿಸುವುದು ಮುಂದೆ ತಳ್ಳುವಾಗ ಮಾತ್ರ, ಹಿಂದೆ ಎಳೆಯುವಾಗ ಒತ್ತಬೇಡಿ; ಒತ್ತಿದರೆ ಹಲ್ಲು ಹಾಳು. ಈಗ ಮುಖ್ಯ ಗುಟ್ಟು: ತಳ್ಳಲು ಶುರು ಮಾಡುವಾಗ ಅರದ ತುದಿ ಹಿಡಿದ ಎಡಗೈ ಭಾರ ಹೆಚ್ಚಿರಬೇಕು, ನಡುವೆ ಎರಡೂ ಕೈ ಸಮ, ಕೊನೆಗೆ ಬಲಗೈ ಭಾರ ಹೆಚ್ಚು. ಈ ಬದಲಾವಣೆ ಆಗದಿದ್ದರೆ ಅರ ತಕ್ಕಡಿಯ ಹಾಗೆ ತೂಗಿ, ಅಂಚು ಸವೆದು ಜಾಬಿನ ನಡು ಉಬ್ಬಿಬಿಡುತ್ತದೆ. ಹೊಸಬರ ಮೊದಲ ಜಾಬ್ ಹೆಚ್ಚುಕಡಿಮೆ ಯಾವಾಗಲೂ ಆಮೆಯ ಬೆನ್ನೇ.

ಉಬ್ಬಿದೆಯೋ ಇಲ್ಲವೋ ನೋಡಲು ಟ್ರೈ ಸ್ಕ್ವೇರಿನ (ಲಂಬಕೋನ ನೋಡುವ ಉಪಕರಣ) ಅಲಗನ್ನು ಜಾಬಿನ ಮೇಲೆ ನಿಲ್ಲಿಸಿ, ಕಿಟಕಿಯ ಬೆಳಕಿಗೆ ಹಿಡಿಯಿರಿ. ಅಲಗಿನ ಕೆಳಗೆ ಬೆಳಕು ಎಲ್ಲಿ ನುಸುಳುತ್ತದೋ ಅಲ್ಲಿ ತಗ್ಗು. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಮೂರೂ ಕಡೆ ನೋಡಬೇಕು. ಮೂಲೆಯಿಂದ ಮೂಲೆಗೆ ನೋಡುವುದನ್ನು ಎಲ್ಲರೂ ಮರೆಯುತ್ತಾರೆ, ತಿರುಚು ಇರುವುದು ಅಲ್ಲೇ. ಮೊದಲು ಒರಟು ಹಲ್ಲಿನ ಬಾಸ್ಟರ್ಡ್ ಅರದಲ್ಲಿ ಮಾಲು ತೆಗೆದು, ಸೆಕೆಂಡ್ ಕಟ್ಟಿನಲ್ಲಿ ಅಳತೆಗೆ ತಂದು, ಸ್ಮೂತ್ ಅರದಲ್ಲಿ ಮುಗಿಸಿ. ಹಲ್ಲಿನ ನಡುವೆ ಲೋಹದ ಚೂರು ಸಿಕ್ಕಿಕೊಂಡರೆ ಮುಖದ ಮೇಲೆ ಗೀರು ಬೀಳುತ್ತದೆ. ಅರಕ್ಕೆ ಮುಂಚೆಯೇ ಸ್ವಲ್ಪ ಸೀಮೆಸುಣ್ಣ ತಿಕ್ಕಿಕೊಂಡರೆ ಅದು ಕಡಿಮೆಯಾಗುತ್ತದೆ. ಹಿಡಿ ಇಲ್ಲದ ಅರವನ್ನು ಮುಟ್ಟಲೇಬೇಡಿ. ಅದರ ಚೂಪು ಬಾಲ ಅಂಗೈಯೊಳಗೆ ಹೋಗಿದ್ದನ್ನು ನೋಡಿದವರು ಹೇಳುವ ಮಾತಿದು.

ಹ್ಯಾಕ್ಸಾ ಬ್ಲೇಡಿನ ಹಲ್ಲು ಮುಂದಕ್ಕೆ ಮುಖ ಮಾಡಿರಬೇಕು. ದಪ್ಪ ಮಾಲಿಗೆ ಇಂಚಿಗೆ 18 ಹಲ್ಲಿನ ಬ್ಲೇಡು, ತೆಳು ಪೈಪಿಗೆ 32. ತೆಳು ಪೈಪನ್ನು ಒರಟು ಬ್ಲೇಡಿನಲ್ಲಿ ಕೊಯ್ಯಲು ಹೋದರೆ ಹಲ್ಲು ಸಾಲಾಗಿ ಉದುರುತ್ತದೆ.

ಟ್ಯಾಪಿಂಗ್‌ನಲ್ಲಿ ರಂಧ್ರದ ಲೆಕ್ಕ ಸುಲಭ: ಟ್ಯಾಪಿನ ಅಳತೆಯಿಂದ ಪಿಚ್ (ಎರಡು ಥ್ರೆಡ್ಡುಗಳ ನಡುವಿನ ಅಂತರ) ಕಳೆಯಿರಿ. ಎಂ10ಕ್ಕೆ, ಅಂದರೆ 10 ಮಿ.ಮೀ. ಟ್ಯಾಪಿಗೆ, ಪಿಚ್ 1.5, ಹಾಗಾದರೆ ಡ್ರಿಲ್ 8.5 ಮಿ.ಮೀ. ಎಂ6ಕ್ಕೆ ಪಿಚ್ 1, ಡ್ರಿಲ್ 5. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ನಡುನಡುವೆ ಎಣ್ಣೆ. "ಇನ್ನೊಂಚೂರು ಹೋಗುತ್ತೆ" ಅನಿಸಿದಾಗ ನಿಲ್ಲಿಸಿ. ಟ್ಯಾಪು ಮುರಿಯುವುದು ಯಾವಾಗಲೂ ಆ ಒಂಚೂರಿನಲ್ಲೇ.

ಹೆಜ್ಜೆ 6: ಅಳತೆ

ಶುರುವಿನಲ್ಲಿ ಹೇಳಿದ ವರ್ನಿಯರಿಗೆ ಬರೋಣ. ಸಾಮಾನ್ಯವಾಗಿ ಐಟಿಐಯಲ್ಲಿ ಸಿಗುವ ವರ್ನಿಯರಿನಲ್ಲಿ ಮುಖ್ಯ ಸ್ಕೇಲಿನ 49 ಮಿ.ಮೀ. ಜಾಗವನ್ನು ಜಾರು ಸ್ಕೇಲಿನಲ್ಲಿ 50 ಭಾಗ ಮಾಡಿರುತ್ತಾರೆ. ಅಂದರೆ ಒಂದು ಭಾಗ 0.98 ಮಿ.ಮೀ. ಮುಖ್ಯ ಸ್ಕೇಲಿನ ಒಂದು ಭಾಗಕ್ಕೂ ಇದಕ್ಕೂ ವ್ಯತ್ಯಾಸ 0.02. ಅದೇ ಅದರ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ.

ಮೊದಲು ದವಡೆ ಒರೆಸಿ, ಮುಚ್ಚಿ, ಎರಡು ಸೊನ್ನೆಗಳೂ ಕೂಡುತ್ತವೆಯೇ ನೋಡಿ. ಆಮೇಲೆ ಜಾಬ್ ಹಿಡಿಯಿರಿ. ಜಾರು ಸ್ಕೇಲಿನ ಸೊನ್ನೆ ಮುಖ್ಯ ಸ್ಕೇಲಿನ ಯಾವ ಗೆರೆ ದಾಟಿದೆ? 24 ದಾಟಿದೆ ಅನ್ನೋಣ. ಇನ್ನು ಜಾರು ಸ್ಕೇಲಿನ ಯಾವ ಗೆರೆ ಮೇಲಿನ ಗೆರೆಗೆ ನೇರ ಕೂತಿದೆ? 17ನೆಯದು. 17ನ್ನು 0.02ರಿಂದ ಗುಣಿಸಿದರೆ 0.34. ಒಟ್ಟು 24.34 ಮಿ.ಮೀ.

ಇಷ್ಟು ಎಲ್ಲರಿಗೂ ಬರುತ್ತದೆ. ಎಡವುವುದು ಬೇರೆ ಕಡೆ. ನಾನು ಸೇರಿದ ಮೊದಲ ಕಾರ್ಖಾನೆಯಲ್ಲಿ ಒಂದು ಬುಶ್ ಅಳೆದು 25.96 ಎಂದು ಬರೆದೆ. ಸೂಪರ್‌ವೈಸರ್ ಅದನ್ನು ತೆಗೆದುಕೊಂಡು ಮೈಕ್ರೋಮೀಟರಿಗೆ ಹಿಡಿದು, ಏನೂ ಹೇಳದೆ ನನ್ನ ಕೈಗೇ ವಾಪಸ್ ಕೊಟ್ಟರು. 24.96 ಇತ್ತು. ಭಿನ್ನಾಂಶ ದೊಡ್ಡದಾಗಿದ್ದಾಗ ಸೊನ್ನೆಯ ಗೆರೆ 25ಕ್ಕೆ ಎಷ್ಟು ಹತ್ತಿರ ಬಂದಿರುತ್ತದೆ ಎಂದರೆ ಕಣ್ಣು ಅದನ್ನು 25 ಅಂತಲೇ ಓದುತ್ತದೆ. ಆಮೇಲೆ 0.96 ಕೂಡಿಸುತ್ತೇವೆ, ಪೂರ್ತಿ ಒಂದು ಮಿ.ಮೀ. ತಪ್ಪು. ಅಂದಿನಿಂದ ನಾನು ಮೊದಲು ಸ್ಟೀಲ್ ರೂಲಿನಲ್ಲಿ ಅಂದಾಜು ನೋಡದೆ ವರ್ನಿಯರ್ ಮುಟ್ಟುವುದಿಲ್ಲ. ಈಗಿನ ಹುಡುಗರಿಗೆ ಮೇಜಿನ ಮೇಲೆ ಇಡುವ ಪಿನ್ನೂ 24.96ದೇ. ಇದನ್ನು ಓದಿದವರು ಬಂದರೆ ಬೇರೆ ಪಿನ್ನು ಹುಡುಕಬೇಕು.

ಮೈಕ್ರೋಮೀಟರಿನ ಲೀಸ್ಟ್ ಕೌಂಟ್ 0.01. ಅದನ್ನು ಜಿ-ಕ್ಲ್ಯಾಂಪಿನ ಹಾಗೆ ಬಿಗಿಯಬೇಡಿ. ರ್‍ಯಾಚೆಟ್ ಟಕ್ ಟಕ್ ಅಂದರೆ ಸಾಕು. ಮಶೀನಿನಿಂದ ಆಗ ತಾನೇ ಇಳಿಸಿದ ಬಿಸಿ ಜಾಬನ್ನು ಅಳೆಯಬೇಡಿ, ತಣ್ಣಗಾದ ಮೇಲೆ ಅದು ಚಿಕ್ಕದಾಗುತ್ತದೆ. ದಿನಕ್ಕೆ ಹತ್ತು ವಸ್ತು ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಗೆಳೆಯನಿಗೂ ಅದೇ ಹತ್ತನ್ನು ಕೊಟ್ಟು ಹೋಲಿಸಿ. ಎರಡು ತಿಂಗಳಲ್ಲಿ ಕಣ್ಣು ಕೂರುತ್ತದೆ.

ಹೆಜ್ಜೆ 7: ಲೇತಿನ ಮುಂದೆ ನಿಲ್ಲುವ ಮೊದಲು

ಜಾಬ್ ಹಿಡಿದಿಡುವ ಚಕ್ಕನ್ನು ಬಿಗಿಯುವ ಚಕ್ ಕೀಯನ್ನು ಚಕ್ಕಿನಲ್ಲಿ ಬಿಟ್ಟು ಕೈ ತೆಗೆಯಬಾರದು, ಒಂದು ಸೆಕೆಂಡೂ. ಬಿಗಿದಾದ ಮೇಲೆ ಕೀ ಟ್ರೇಗೆ ಹೋಗಬೇಕು, ಆಮೇಲೆ ಸ್ಟಾರ್ಟ್. ತಿರುಗುವ ಮಶೀನಿನ ಮುಂದೆ ಕೈಗವಸು ಹಾಕಬೇಡಿ. ಕೈ ಕಾಪಾಡುತ್ತದೆ ಅಂದುಕೊಂಡ ಗವಸೇ ಬಟ್ಟೆ ಸಮೇತ ಕೈಯನ್ನು ಎಳೆದುಕೊಳ್ಳುತ್ತದೆ. ಉಂಗುರ, ಕೈಗೆ ಕಟ್ಟಿದ ದಾರ, ವೇಲು, ಬಿಟ್ಟ ಕೂದಲು ಯಾವುದೂ ಬೇಡ. ದೇವರ ದಾರ ಬಿಚ್ಚಲು ಮನಸ್ಸಿಲ್ಲದಿದ್ದರೆ ಮುಂದೋಳಿಗೆ ಏರಿಸಿ ತೋಳಿನ ಬಟ್ಟೆಯೊಳಗೆ ಭದ್ರ ಮಾಡಿಕೊಳ್ಳಿ. ಚಿಪ್ಸನ್ನು ಕೈಯಲ್ಲಿ ಎಳೆಯಬೇಡಿ, ಕೊಕ್ಕೆಯೋ ಬ್ರಶ್ಶೋ ಬಳಸಿ. ಕನ್ನಡಕ ಹಾಕಿ. ಡ್ರಿಲ್ಲಿಂಗ್ ಮಶೀನಿನಲ್ಲಿ ಚಿಕ್ಕ ಜಾಬನ್ನು ಬರಿಗೈಯಲ್ಲಿ ಹಿಡಿಯಬೇಡಿ. ಡ್ರಿಲ್ಲು ಕಚ್ಚಿಕೊಂಡರೆ ಜಾಬ್ ಫ್ಯಾನಿನ ಹಾಗೆ ತಿರುಗುತ್ತದೆ.

ಸ್ಪೀಡ್ ಎಷ್ಟಿಡಬೇಕು ಅಂತ ಮೇಷ್ಟ್ರನ್ನು ಪ್ರತಿ ಸಲ ಕೇಳಬೇಕಿಲ್ಲ. ಕಟಿಂಗ್ ಸ್ಪೀಡನ್ನು 1000ದಿಂದ ಗುಣಿಸಿ, ಬಂದದ್ದನ್ನು 3.14 ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿ. 40 ಮಿ.ಮೀ. ಮೈಲ್ಡ್ ಸ್ಟೀಲ್ ರಾಡು, ಹೈಸ್ಪೀಡ್ ಸ್ಟೀಲ್ ಟೂಲು, ಕಟಿಂಗ್ ಸ್ಪೀಡ್ ನಿಮಿಷಕ್ಕೆ 25 ಮೀಟರ್ ಎಂದು ಹಿಡಿದರೆ 25,000 ಭಾಗಿಸು 125.6, ಸುಮಾರು 199 ಆರ್‌ಪಿಎಂ. ಗೇರಿನಲ್ಲಿ ಅದಕ್ಕೆ ಹತ್ತಿರದ ಕಡಿಮೆ ಸ್ಪೀಡ್ ಆರಿಸಿ. ರಾಡಿನ ವ್ಯಾಸ ಅರ್ಧವಾದರೆ ಆರ್‌ಪಿಎಂ ಎರಡು ಪಟ್ಟು. ಗಣಿತ ನನಗೆ ಆಗಿಬರಲ್ಲ ಅನ್ನುತ್ತಿದ್ದ ಎಷ್ಟೋ ಹುಡುಗರು ಈ ಲೆಕ್ಕವನ್ನು ಬಾಯಲ್ಲೇ ಮಾಡುವುದನ್ನು ಕಂಡಿದ್ದೇನೆ.

ಹೆಜ್ಜೆ 8: ಸಿಎನ್‌ಸಿ, ಆದರೆ ಅವಸರವಿಲ್ಲದೆ

ಮೊದಲ ವರ್ಷದಲ್ಲೇ ಹೊರಗಡೆ ಸಾವಿರಾರು ರೂಪಾಯಿ ಕೊಟ್ಟು ಸಿಎನ್‌ಸಿ ಕೋರ್ಸಿಗೆ ಸೇರುವವರಿದ್ದಾರೆ. ಅವಸರ ಬೇಡ. ಕೈ ಲೇತಿನಲ್ಲಿ ಟೂಲು ಕಿರುಗುಟ್ಟುವ ಸದ್ದು ಕೇಳಿದವನಿಗೆ ಮಾತ್ರ ಗಾಜಿನ ಬಾಗಿಲ ಹಿಂದಿನ ಸದ್ದು ಅರ್ಥವಾಗುತ್ತದೆ. ಎರಡನೇ ವರ್ಷದಲ್ಲಿ ಪಠ್ಯದಲ್ಲೇ ಸಿಎನ್‌ಸಿ ಬರುತ್ತದೆ. ಮೊದಲು ಡ್ರಾಯಿಂಗ್ ಓದುವುದನ್ನು ಗಟ್ಟಿ ಮಾಡಿಕೊಳ್ಳಿ: ಮೂರು ನೋಟ, ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ), ಮೇಲ್ಮೈ ನುಣುಪಿನ ಗುರುತು. ಡ್ರಾಯಿಂಗ್ ಬರದವನಿಗೆ ಪ್ರೋಗ್ರಾಮಿಂಗ್ ಬರುವುದಿಲ್ಲ.

ಕೋಡು ಅಂಥ ಬ್ರಹ್ಮವಿದ್ಯೆಯಲ್ಲ. ಜಿ00 ಅಂದರೆ ಗಾಳಿಯಲ್ಲಿ ವೇಗವಾಗಿ ಸಾಗು, ಜಿ01 ಅಂದರೆ ಕತ್ತರಿಸುತ್ತಾ ನೇರ ಹೋಗು, ಜಿ02 ಮತ್ತು ಜಿ03 ಕಮಾನು, ಎಂ03 ಅಂದರೆ ಸ್ಪಿಂಡಲ್ ತಿರುಗಿಸು, ಎಂ30 ಅಂದರೆ ಮುಗಿಯಿತು. ಅಂಕಿಯ ನಂತರದ ದಶಮಾಂಶ ಚುಕ್ಕೆ ಮಾತ್ರ ಜೋಪಾನ. ಫ್ಯಾನಕ್ ಕಂಟ್ರೋಲ್ ಇರುವ ಹಲವು ಮಶೀನುಗಳಲ್ಲಿ ಎಕ್ಸ್40 ಎಂದು ಚುಕ್ಕೆ ಇಡದೆ ಬರೆದರೆ ಅದು 40 ಮಿ.ಮೀ. ಆಗುವುದಿಲ್ಲ, 40 ಮೈಕ್ರಾನ್, ಅಂದರೆ 0.04 ಮಿ.ಮೀ. ಆಗುತ್ತದೆ. ಟೂಲು ಹೋಗಿ ಜಾಬಿಗೆ ಗುದ್ದುತ್ತದೆ. ಅದಕ್ಕೇ ಹೊಸ ಪ್ರೋಗ್ರಾಮನ್ನು ಸಿಂಗಲ್ ಬ್ಲಾಕಿನಲ್ಲಿ (ಒಂದೊಂದೇ ಸಾಲಾಗಿ), ಒಂದು ಕೈ ಟೂಲನ್ನು ನಿಲ್ಲಿಸುವ ಫೀಡ್ ಹೋಲ್ಡ್ ಬಟನ್ ಮೇಲೆ ಇಟ್ಟುಕೊಂಡು ಓಡಿಸಬೇಕು.

ಬಾಗಿಲು ತೆಗೆದು ಜಾಬ್ ಇಟ್ಟು ಹಸಿರು ಬಟನ್ ಒತ್ತುವವನು ಆಪರೇಟರ್. ಟೂಲು ಕೂರಿಸಿ, ಆಫ್‌ಸೆಟ್ (ಟೂಲಿನ ಅಳತೆಯ ಹೊಂದಾಣಿಕೆ) ಕೊಟ್ಟು, ಮೊದಲ ಪೀಸು ಪಾಸು ಮಾಡಿಸುವವನು ಸೆಟ್ಟರ್. ಇಬ್ಬರ ಸಂಬಳದ ನಡುವಿನ ಅಂತರ ಯಾವ ಶಾಪಿನಲ್ಲಾದರೂ ಕೇಳಿ ನೋಡಿ.

ಹೆಜ್ಜೆ 9: ಪರೀಕ್ಷೆ

ವರ್ಷಕ್ಕೊಮ್ಮೆ ಅಖಿಲ ಭಾರತ ವೃತ್ತಿ ಪರೀಕ್ಷೆ. ಥಿಯರಿ ಕಂಪ್ಯೂಟರಿನಲ್ಲಿ, ಪ್ರಾಕ್ಟಿಕಲ್ ವರ್ಕ್‌ಶಾಪಿನಲ್ಲಿ. ಪ್ರಾಕ್ಟಿಕಲ್‌ಗೆ ಶೇಕಡ 60, ಥಿಯರಿಗೆ 33 ಬಂದರೆ ಪಾಸು. ಹಾಜರಾತಿ ಶೇಕಡ 80 ಇರಬೇಕು. ಪ್ರಾಕ್ಟಿಕಲ್ ದಿನ ಕೊನೆಯ ಅರ್ಧ ಗಂಟೆಯನ್ನು ಅಳತೆ ನೋಡಲು, ಅಂಚಿನ ಬರ್ (ಕತ್ತರಿಸಿದ ಮೇಲೆ ಉಳಿದ ಚೂಪು ಮುಳ್ಳು) ತೆಗೆಯಲು ಉಳಿಸಿಕೊಳ್ಳಿ. ಕೆಲಸ ಚೆನ್ನಾಗಿದ್ದೂ ಬರ್ ಉಳಿಸಿ ಅಂಕ ಕಳೆದುಕೊಂಡವರನ್ನು ಪ್ರತಿ ವರ್ಷ ನೋಡುತ್ತೇವೆ.

ಹೆಜ್ಜೆ 10: ಅಪ್ರೆಂಟಿಸ್‌ಶಿಪ್

ಐಟಿಐ ಮುಗಿದ ಮೇಲೆ ನೇರ ಕೆಲಸಕ್ಕೆ ಓಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇಕಡ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅಂದರೆ ನೀವು ಕೇಳುತ್ತಿರುವುದು ಭಿಕ್ಷೆಯಲ್ಲ. 2019ರ ನಿಯಮ ಐಟಿಐ ಮುಗಿಸಿದವರಿಗೆ ಇಟ್ಟ ತಿಂಗಳ ಕನಿಷ್ಠ ಸ್ಟೈಪೆಂಡು 7,000 ರೂಪಾಯಿ. ಕೆಲವು ಕಂಪನಿಗಳು ಇದಕ್ಕಿಂತ ಹೆಚ್ಚೂ ಕೊಡುತ್ತವೆ. ಸೇರುವಾಗ ಆ ವರ್ಷದ ದರವನ್ನು ಪೋರ್ಟಲಿನಲ್ಲೇ ನೋಡಿಕೊಳ್ಳಿ.

ಮೊದಲು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲಿನಲ್ಲಿ ಆಧಾರ್ ಕೊಟ್ಟು ನೋಂದಾಯಿಸಿ, ಐಟಿಐ ವಿವರ ತುಂಬಿ, ಕಂಪನಿಗಳಿಗೆ ಅರ್ಜಿ ಹಾಕಿ. ಎಚ್‌ಎಎಲ್, ಬಿಇಎಲ್, ಬೆಮೆಲ್, ಹುಬ್ಬಳ್ಳಿ ಮತ್ತು ಮೈಸೂರಿನ ರೈಲ್ವೆ ವರ್ಕ್‌ಶಾಪ್‌ಗಳು ಅಪ್ರೆಂಟಿಸ್‌ಗಳನ್ನು ಕರೆಯುತ್ತವೆ. ಅವುಗಳ ಪ್ರಕಟಣೆ ಬೇರೆ ಬೇರೆ ಸಮಯಕ್ಕೆ ಬರುವುದರಿಂದ ವಾರಕ್ಕೊಮ್ಮೆ ನೋಡುತ್ತಿರಬೇಕು. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್ 1 (ಮೊದಲ ಹಂತದ ಹುದ್ದೆಗಳ) ನೇಮಕಾತಿಯಲ್ಲಿ ಶೇಕಡ 20 ಮೀಸಲು ಇದೆ. ಇನ್ನು ಸಹಾಯಕ ಲೋಕೋ ಪೈಲಟ್ ಹುದ್ದೆಗೂ ಹತ್ತನೇ ತರಗತಿಯ ಜೊತೆ ಐಟಿಐ ಅರ್ಹತೆ ಆಗುತ್ತದೆ, ಅಧಿಸೂಚನೆಯಲ್ಲಿ ಹೇಳಿದ ಟ್ರೇಡು ಆಗಿದ್ದರೆ.

ಈಗ ಎಚ್ಚರಿಕೆಯ ಮಾತು. ಕೆಲವು ಕಂಪನಿಗಳು "ಟ್ರೈನಿ" ಅಂತ ತೆಗೆದುಕೊಂಡು ಒಂದು ವರ್ಷ ದುಡಿಸಿ ಒಂದು ಬಿಳಿ ಕಾಗದದಲ್ಲಿ ಅನುಭವಪತ್ರ ಕೊಟ್ಟು ಕಳಿಸುತ್ತವೆ. ಪೋರ್ಟಲಿನಲ್ಲಿ ನಿಮ್ಮ ಹೆಸರಿನ ಒಪ್ಪಂದ ನೋಂದಣಿ ಆಗಿಲ್ಲದಿದ್ದರೆ ನೀವು ಕಾಯ್ದೆಯ ಲೆಕ್ಕದಲ್ಲಿ ಅಪ್ರೆಂಟಿಸ್ ಅಲ್ಲ, ಕೊನೆಗೆ ಪರೀಕ್ಷೆಯೂ ಇಲ್ಲ, ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರವೂ ಇಲ್ಲ. ಸೇರಿದ ಮೊದಲ ವಾರದಲ್ಲೇ ಎಚ್‌ಆರ್ ಬಳಿ ಹೋಗಿ "ಸಾರ್, ನನ್ನ ಕಾಂಟ್ರಾಕ್ಟ್ ನಂಬರ್ ಕೊಡಿ" ಎಂದು ವಿನಯದಿಂದಲೇ ಕೇಳಿ. ಹದಿನೆಂಟು ತುಂಬದವರ ಒಪ್ಪಂದಕ್ಕೆ ಪೋಷಕರ ಸಹಿ ಬೇಕು, ಅಪ್ಪನನ್ನು ಊರಿಂದ ಎರಡು ಸಲ ಓಡಾಡಿಸಬೇಡಿ.

ಅಪ್ರೆಂಟಿಸ್ ವರ್ಷದಲ್ಲಿ ಒಂದೇ ಮಶೀನಿಗೆ ಕಟ್ಟಿ ಹಾಕಿದರೆ ಎರಡು ತಿಂಗಳು ಸುಮ್ಮನಿದ್ದು, ಆಮೇಲೆ ಬೇರೆ ವಿಭಾಗ ಕೇಳಿ. ಮಧ್ಯಾಹ್ನ ಊಟಕ್ಕೆ ನಿಮ್ಮ ವಯಸ್ಸಿನವರ ಜೊತೆ ಕೂರುವ ಬದಲು ವಾರಕ್ಕೆ ಎರಡು ದಿನ ಮೇಂಟೆನೆನ್ಸಿನ ಹಿರಿಯರ ಜೊತೆ ಕೂತುಕೊಳ್ಳಿ. ಮಶೀನು ಬಿಚ್ಚುವ ದಿನ "ಬಾರೋ, ಟಾರ್ಚ್ ಹಿಡಿ" ಅಂತ ಕರೆಯುವುದು ಅವರೇ. ಟಾರ್ಚ್ ಹಿಡಿದು ನಿಂತವನಿಗೆ ಕಾಣುವುದು ಯಾವ ಪುಸ್ತಕದಲ್ಲೂ ಇಲ್ಲ.

ಹೆಜ್ಜೆ 11: ಮೊದಲ ಕೆಲಸಕ್ಕೆ ಸಹಿ ಹಾಕುವಾಗ

ಕಂಪನಿ ರೋಲೋ ಕಾಂಟ್ರಾಕ್ಟೋ, ಪಿಎಫ್ ಮತ್ತು ಇಎಸ್‌ಐ ಇದೆಯೋ, ಓವರ್‌ಟೈಮಿಗೆ ಎಷ್ಟು, ಕೈಗೆ ಬರುವುದು ಎಷ್ಟು, ಇವನ್ನು ಸೇರುವ ದಿನವೇ ಕೇಳಿ. ಮೂಲ ಅಂಕಪಟ್ಟಿಯನ್ನು ಯಾರಿಗೂ ಒಪ್ಪಿಸಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತನ್ನಿ. ಕೆಲಸ ಕೊಡಿಸುತ್ತೇನೆ ಎಂದು ಮುಂಗಡ ಕೇಳುವವನಿಗೆ ಒಂದು ರೂಪಾಯಿಯೂ ಬೇಡ. ನಿಜವಾಗಿ ಫಿಟ್ಟರು, ಸೆಟ್ಟರು ಬೇಕಾದ ಶಾಪಿನವರು ಗೇಟಿನ ಮೇಲೆ ತಾವೇ ಬೋರ್ಡು ಹಾಕುತ್ತಾರೆ.

ಎರಡು ಮೂರು ವರ್ಷ ದುಡಿದ ಮೇಲೆ ಸಂಜೆ ಡಿಪ್ಲೊಮಾಕ್ಕೆ ಸೇರಬಹುದು, ಅಥವಾ ಬೋಧಕರ ತರಬೇತಿ ಮುಗಿಸಿ ಐಟಿಐಗೇ ಮೇಷ್ಟ್ರಾಗಿ ಹೋಗಬಹುದು. ನನ್ನ ಜೊತೆ ಅರ ಹಾಕುತ್ತಿದ್ದವನೊಬ್ಬ ಹಾಗೆ ಹೋದ. ಕಳೆದ ಸಲ ಸಿಕ್ಕಾಗ ಕೇಳಿದೆ, ವರ್ನಿಯರ್ ಬೀರುವಿಗೆ ಬೀಗ ಹಾಕ್ತೀಯೇನೋ ಅಂತ. ಬೀಗ ಇದೆ, ಕೀಲಿಕೈ ಕ್ಲಾಸ್ ಲೀಡರ್ ಹತ್ರ ಇದೆ ಅಂದ.